ಕೊರಿಯಾಕ್ಕೆ ಇಂಗ್ಲಿಷ್ ಕಲಿಸಲು ಹೋಗಲಾ, ಬೇಡವಾ?

ಪ್ರಶ್ನೆ: ನನಗೆ 23 ವರ್ಷ. ದಾವಣಗೆರೆಯಲ್ಲಿ ಐದನೇ ಕ್ಲಾಸ್ ಮುಗಿಸಿ ಅಪ್ಪ-ಅಮ್ಮನ ಜೊತೆ ಕೆನಡಾಕ್ಕೆ ಬಂದೆ. ಈಗ ಇಲ್ಲಿನ ಪೌರತ್ವ ಇದೆ. ಬಯಾಲಜಿಯಲ್ಲಿ ಡಿಗ್ರಿ ಆಗಿದೆ, ಕಲಿಸಿದ ಅನುಭವ ಇಲ್ಲ. ದಕ್ಷಿಣ ಕೊರಿಯಾದಲ್ಲಿ ಒಂದು ವರ್ಷ ಇಂಗ್ಲಿಷ್ ಕಲಿಸಬೇಕು ಅಂತ ಆಸೆ. ಸೋಲ್ ಹತ್ತಿರದ ಒಂದು ಖಾಸಗಿ ಟ್ಯೂಷನ್ ಸಂಸ್ಥೆ ತಿಂಗಳಿಗೆ 24 ಲಕ್ಷ ವಾನ್ ಸಂಬಳ, ಇರಲು ಮನೆ ಕೊಡುತ್ತದಂತೆ. ಶುಕ್ರವಾರದೊಳಗೆ ಸಹಿ ಮಾಡಿ ಕಳಿಸಬೇಕಂತೆ. ಸರ್ಕಾರಿ ಶಾಲೆಗೆ ಅರ್ಜಿ ಹಾಕಿದರೆ ಆರು ತಿಂಗಳು ಕಾಯಬೇಕು, ಯಾವ ಊರು ಅನ್ನುವುದು ಅವರ ಕೈಯಲ್ಲಿ. ಅಮ್ಮ 'ಒಂದು ವರ್ಷ ದಂಡ' ಅನ್ನುತ್ತಾರೆ. ನಾನು ಸಸ್ಯಾಹಾರಿ ಬೇರೆ. ಹೋಗಲಾ, ಬೇಡವಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಶುಕ್ರವಾರಕ್ಕೆ ಸಹಿ ಮಾಡಬೇಡಿ. ಆಸೆಯನ್ನೂ ಬಿಡಬೇಡಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ದೇಶ ಇದೆ, ಸಂಬಳ ಇದೆ, ಊಟ ಇದೆ, ಅಮ್ಮನ ಮಾತಿದೆ. ಮಕ್ಕಳ ಬಗ್ಗೆ ಒಂದು ಸಾಲೂ ಇಲ್ಲ. ತಪ್ಪು ಹುಡುಕುತ್ತಿದ್ದೇನೆ ಅಂದುಕೊಳ್ಳಬೇಡಿ. 2011ರಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದು ನಾನು ಹೊರಟಾಗಲೂ ತಲೆಯಲ್ಲಿ ಇದ್ದದ್ದು ಕೊರಿಯಾ ಮಾತ್ರ. ಅಲ್ಲಿ ಏಳು ವರ್ಷ ಕಲಿಸಿದ ಮೇಲೆ ನನಗೆ ಗೊತ್ತಾಗಿರುವುದು ಇಷ್ಟು: ಕೊರಿಯಾ ಕೈಗೆ ಸಿಗುವುದು ಶನಿವಾರ, ಭಾನುವಾರ. ಸೋಮವಾರದಿಂದ ಶುಕ್ರವಾರದವರೆಗೆ ಸಿಗುವುದು ಮಕ್ಕಳು. ಆ ಐದು ದಿನ ನಿಮಗೆ ಹಿಡಿಸಿದರೆ ಉಳಿದದ್ದೆಲ್ಲ ಸರಿಹೋಗುತ್ತದೆ. ಹಿಡಿಸದಿದ್ದರೆ ಬುಸಾನಿನ ಸಮುದ್ರ, ಜೇಜು ದ್ವೀಪ, ಸೋಲ್‌ನ ರಾತ್ರಿ ಪೇಟೆ ಯಾವುದೂ ನಿಮ್ಮನ್ನು ಒಂದು ವರ್ಷ ಹಿಡಿದಿಡಲಾರವು.

ಆ ಮಕ್ಕಳು ಹೇಗಿರುತ್ತಾರೆ ಅಂತ ಒಂದು ಸಂಜೆಯ ಮಾತು ಹೇಳುತ್ತೇನೆ. ಹೊತ್ತು ಏಳೂ ನಲವತ್ತು. ನಾಲ್ಕನೇ ಕ್ಲಾಸಿನ ಹುಡುಗ, ಗಣಿತದ ಟ್ಯೂಷನ್ ಮುಗಿಸಿ ನನ್ನ ಇಂಗ್ಲಿಷ್ ಕ್ಲಾಸಿಗೆ ಓಡಿ ಬಂದಿದ್ದಾನೆ. ಬೆನ್ನಿಂದ ಬ್ಯಾಗ್ ಇಳಿಸಿಲ್ಲ. ಕೈಯಲ್ಲಿ ಅಂಗಡಿಯ ತ್ರಿಕೋನದ ಗಿಂಬಾಪ್, ಅಂದರೆ ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ ಅನ್ನ. ಅದರ ಪ್ಲಾಸ್ಟಿಕ್ ಮೇಲೆ 1, 2, 3 ಅಂತ ಬರೆದಿರುತ್ತದೆ. ಒಂದನೇ ಪಟ್ಟಿ ಎಳೆದ, ಎರಡನೇ ತುದಿ ಎಳೆದ, ಮೂರನೆಯದನ್ನು ಎಳೆಯುವಾಗ ಹಾಳೆ ಹರಿದು ಅನ್ನ ಮೇಜಿನ ಮೇಲೆ ಬಿತ್ತು. ಅವನಿಗೆ ಅಳು ಬರಲಿಲ್ಲ. ಬೆರಳಲ್ಲಿ ಒಂದೊಂದೇ ಅಗುಳು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಾ 'ಟೀಚರ್, ಟುಡೇ ಟೆಸ್ಟ್?' ಅಂತ ಕೇಳಿದ. ಆ ಹುಡುಗನಿಗೆ ಮುಂದಿನ ನಲವತ್ತು ನಿಮಿಷ ನೀವು ಏನು ಕೊಡುತ್ತೀರಿ? ಕೆಲಸ ಅಂದರೆ ಇದೇ. ದಿನಕ್ಕೆ ಆರು ಸಲ, ಏಳು ಸಲ.

ಆದ್ದರಿಂದ ಟಿಕೆಟ್‌ಗಿಂತ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಹತ್ತಿರದ ಕನ್ನಡ ಸಂಘದವರು ವಾರದ ಕೊನೆಗೆ ಮಕ್ಕಳಿಗೆ ಕನ್ನಡ ಕ್ಲಾಸ್ ನಡೆಸುತ್ತಿದ್ದರೆ ಅಲ್ಲಿ ಹೋಗಿ, ಎರಡು ತಿಂಗಳು ಕಲಿಸುತ್ತೇನೆ ಅಂತ ಕೇಳಿ. ಬೇಡ ಅನ್ನುವವರು ಸಿಗುವುದು ಕಷ್ಟ. ಕೆನಡಾದಲ್ಲಿ ಹುಟ್ಟಿದ ಏಳು ವರ್ಷದ ಹುಡುಗಿಗೆ ರಜೆಯ ದಿನ ಬೆಳಿಗ್ಗೆ 'ಅ ಆ ಇ ಈ' ಬೇಕಿರುವುದಿಲ್ಲ. ಅಪ್ಪ-ಅಮ್ಮನಿಗೆ ಬೇಕಿರುತ್ತದೆ, ಅದಕ್ಕೆ ಬಂದಿರುತ್ತಾಳೆ. ಕೊರಿಯಾದ ಟ್ಯೂಷನ್ ಕೋಣೆಯ ಕಥೆಯೂ ಅಷ್ಟೇ. ಎಂಟು ವಾರ ಆದಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಮುಂದಿನ ವಾರ ಯಾವ ಆಟ ಆಡಿಸೋಣ ಅಂತ ಬುಧವಾರವೇ ಯೋಚನೆ ಬರುತ್ತಿತ್ತಾ? ಅಥವಾ ಆ ದಿನ ಬಂತಲ್ಲಪ್ಪ ಅಂತ ಎದೆ ಭಾರ ಆಗುತ್ತಿತ್ತಾ? ನನ್ನ ಹತ್ತಿರ ಕೇಳಿಕೊಂಡು ಬರುವ ಹುಡುಗ ಹುಡುಗಿಯರಿಗೆಲ್ಲ ನಾನು ಹೇಳುವುದು ಇದನ್ನೇ.

ಇನ್ನು ಕಾಗದದ ಮಾತು. ಇಂಗ್ಲಿಷ್ ಕಲಿಸಲು ಬೇಕಾದ ಇ-2 ವೀಸಾ ಏಳು ದೇಶಗಳ ಪೌರರಿಗೆ ಸಿಗುತ್ತದೆ: ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಯಾವ ವಿಷಯದಲ್ಲಾದರೂ ಡಿಗ್ರಿ ಇದ್ದರೆ ಸಾಕು, ನಿಮ್ಮ ಬಯಾಲಜಿ ಅಡ್ಡ ಬರುವುದಿಲ್ಲ. ಡಿಗ್ರಿ ಪ್ರತಿಗೂ ಪೊಲೀಸ್ ದಾಖಲೆಗೂ ಅಪೊಸ್ಟಿಲ್ ಬೇಕು, ಅಂದರೆ ದಾಖಲೆಯ ಸಹಿ, ಮೊಹರು ಅಸಲಿ ಅಂತ ಬೇರೆ ದೇಶಗಳೂ ಒಪ್ಪುವ ಮುದ್ರೆ. ಕೆನಡಾ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ್ದು 2024ರ ಜನವರಿಯಲ್ಲಿ. ಹಾಗಾಗಿ ಹಳಬರು ಹೇಳುವ ನೋಟರಿ, ಕಾನ್ಸುಲೇಟ್ ಅಲೆದಾಟದ ಕಥೆಗಳನ್ನು ನಂಬಿ ಗಾಬರಿ ಆಗಬೇಡಿ. ಸರ್ಕಾರಿ ಶಾಲೆಗಳಿಗೆ ಶಿಕ್ಷಕರನ್ನು ತೆಗೆದುಕೊಳ್ಳುವ ಎಪಿಕ್ ಎಂಬ ಯೋಜನೆ 1995ರಿಂದ ನಡೆಯುತ್ತಿದೆ. ಬೇರೆ ದೇಶದಲ್ಲಿ ಹುಟ್ಟಿದವರು ಏಳನೇ ಕ್ಲಾಸಿನಿಂದ ಡಿಗ್ರಿವರೆಗೆ ಇಂಗ್ಲಿಷ್ ದೇಶದಲ್ಲೇ ಓದಿರಬೇಕು ಅಂತ ಅದು ಕೇಳುತ್ತದೆ. ನೀವು ಐದನೇ ಕ್ಲಾಸ್ ಆದಮೇಲೆ ಹೋದವರು, ಗೆದ್ದಿರಿ. ಹಳೆಯ ಶಾಲಾ ದಾಖಲೆಗಳನ್ನು ಮಾತ್ರ ಈಗಲೇ ತೆಗೆಸಿಡಿ.

ಅಲ್ಲಿಗೆ ಇಳಿದ ಮೇಲೆ ಆರೋಗ್ಯ ತಪಾಸಣೆ ಇರುತ್ತದೆ, ಅದರಲ್ಲಿ ಡ್ರಗ್ಸ್ ಪರೀಕ್ಷೆಯೂ ಸೇರಿದೆ. ಕೆನಡಾದಲ್ಲಿ 2018ರಿಂದ ಗಾಂಜಾ ಕಾನೂನುಬದ್ಧ. ಕೊರಿಯಾದಲ್ಲಿ ಅದು ಅಪರಾಧ. ನಿಮಗೆ ಆ ಅಭ್ಯಾಸ ಇದೆ ಅಂತ ಹೇಳುತ್ತಿಲ್ಲ. ಗೆಳೆಯರ ಪಾರ್ಟಿಯಲ್ಲಿ ಒಮ್ಮೆ ಸೇದಿದ್ದೂ ಮೈಯಿಂದ ಕೂಡಲೇ ಹೋಗುವುದಿಲ್ಲ, ಅದು ನೆನಪಿರಲಿ. ಇಂಥ ಒಂದು ಸಂಜೆಗೆ ಕೆಲಸ ಕಳೆದುಕೊಂಡು ವಾಪಸ್ ಹೋದವರನ್ನು ನೋಡಿದ್ದೇನೆ.

ಈಗ ನಿಮ್ಮ ಎರಡು ಬಾಗಿಲು. ಖಾಸಗಿ ಟ್ಯೂಷನ್ ಸಂಸ್ಥೆಗೆ ಅಲ್ಲಿ 'ಹಾಗ್ವೊನ್' ಅನ್ನುತ್ತಾರೆ. ಗಲ್ಲಿಗೊಂದು ಇರುತ್ತದೆ. ಗಣಿತಕ್ಕೊಂದು, ಪಿಯಾನೋಗೊಂದು, ಇಂಗ್ಲಿಷಿಗೊಂದು. ಸೋಲ್‌ನಲ್ಲಿ ರಾತ್ರಿ ಹತ್ತಕ್ಕೆ ಹಾಗ್ವೊನ್ ಮುಚ್ಚಲೇಬೇಕು ಅಂತ ನಿಯಮ ತರಬೇಕಾಯಿತು ಅಂದರೆ ಅದಕ್ಕೂ ಮೊದಲು ಹೇಗಿದ್ದಿರಬೇಕು ನೋಡಿ. ಇದು ವ್ಯಾಪಾರ. ಒಳ್ಳೆಯ ಮಾಲೀಕ ಸಿಕ್ಕರೆ ಮನೆಯವರ ಹಾಗೆ ನೋಡಿಕೊಳ್ಳುತ್ತಾನೆ, ಅಂಥವರು ಇದ್ದಾರೆ. ಸಿಗದಿದ್ದರೆ ಏನಾಗುತ್ತದೆ ಅನ್ನುವುದು ನನಗೆ ಎರಡನೇ ವರ್ಷ ಗೊತ್ತಾಯಿತು. ಬೇರೆ ಊರಿನ ಹಾಗ್ವೊನ್‌ಗೆ ಹೊಸದಾಗಿ ಸೇರಿದ್ದೆ. ಹನ್ನೊಂದನೇ ತಿಂಗಳು ಮಾಲೀಕರು ಕರೆದು, ಮಕ್ಕಳು ಕಡಿಮೆಯಾಗಿದ್ದಾರೆ, ನಾಳೆಯಿಂದ ಬರಬೇಡಿ ಅಂದರು. ಕೊರಿಯಾದಲ್ಲಿ ಒಂದು ವರ್ಷ ಪೂರ್ತಿ ದುಡಿದವರಿಗೆ ಒಂದು ತಿಂಗಳ ಸಂಬಳದಷ್ಟು ಗ್ರಾಚ್ಯುಟಿ ಕೊಡಲೇಬೇಕು. ಹನ್ನೊಂದು ತಿಂಗಳಿಗೆ ಕಳಿಸಿದರೆ ಆ ದುಡ್ಡು ಉಳಿಯಿತು. ಕಾರ್ಮಿಕ ಕಚೇರಿಗೆ ದೂರು ಕೊಟ್ಟೆ. ಮುಂಚಿತವಾಗಿ ಮೂವತ್ತು ದಿನದ ನೋಟಿಸ್ ಕೊಡದೆ ತೆಗೆದದ್ದಕ್ಕೆ ಒಂದು ತಿಂಗಳ ಸಂಬಳ ಬಂತು. ಗ್ರಾಚ್ಯುಟಿ ಬರಲಿಲ್ಲ. ದುಡ್ಡಿಗಿಂತ ಜಾಸ್ತಿ ನೋವಾದದ್ದು ಮಕ್ಕಳಿಗೆ ಹೋಗಿಬರುತ್ತೇನೆ ಅಂತ ಹೇಳಲೂ ಬಿಡದೇ ಇದ್ದದ್ದು.

ಈ ಕಥೆ ಹೇಳಿದ್ದು ಹೆದರಿಸಲು ಅಲ್ಲ. ಕರಾರನ್ನು ಓದುವ ಕಣ್ಣು ಬರಲಿ ಅಂತ. ಇ-2 ವೀಸಾ ನಿಮ್ಮ ಕೆಲಸದ ಜಾಗಕ್ಕೆ ಅಂಟಿಕೊಂಡಿರುತ್ತದೆ. ವರ್ಷದ ನಡುವೆ ಬೇರೆ ಕಡೆ ಸೇರಬೇಕಾದರೆ ಸಾಮಾನ್ಯವಾಗಿ ಹಳೆಯ ಮಾಲೀಕನ ಬಿಡುಗಡೆ ಪತ್ರ ಬೇಕು. ಹೊರಗೆ ಯಾರ ಮನೆಯಲ್ಲೋ ಪಾಠ ಹೇಳಿ ಕೈಗೆ ಕಾಸು ತೆಗೆದುಕೊಂಡರೂ ಅದು ಅಕ್ರಮ, ಸಿಕ್ಕಿಬಿದ್ದರೆ ದಂಡ ಕಟ್ಟಿ ದೇಶ ಬಿಡಬೇಕಾಗಬಹುದು. ಅಂದರೆ ಸೇರುವ ದಿನ ನಿಮಗಿರುವ ಬಲ ಮುಂದೆ ಇರುವುದಿಲ್ಲ. ಕೇಳುವುದನ್ನೆಲ್ಲ ಸಹಿಗೆ ಮೊದಲೇ ಕೇಳಬೇಕು.

ಕರಾರಿನಲ್ಲಿ 'ವಾರಕ್ಕೆ 30 ಗಂಟೆ ಪಾಠ' ಅಂತ ಇರುತ್ತದೆ. ಒಂದು ಕ್ಲಾಸ್ 40 ನಿಮಿಷದ್ದಾದರೆ 30 ಗಂಟೆಗೆ ಎಷ್ಟು ಕ್ಲಾಸ್? ನಲವತ್ತೈದು. ದಿನಕ್ಕೆ ಒಂಬತ್ತು! ಆದ್ದರಿಂದ ಗಂಟೆ ಕೇಳಬೇಡಿ, ವಾರಕ್ಕೆ ಎಷ್ಟು ಕ್ಲಾಸ್ ಅಂತ ಕೇಳಿ. ಎರಡನೆಯದು, ನಿಮ್ಮನ್ನು ನೌಕರ ಅಂತ ಬರೆದಿದ್ದಾರಾ, ಸ್ವತಂತ್ರ ಗುತ್ತಿಗೆದಾರ ಅಂತಲಾ? ಸಂಬಳದಲ್ಲಿ ಬರೀ ಶೇ 3.3 ತೆರಿಗೆ ಹಿಡಿಯುತ್ತೇವೆ, ನಿಮಗೇ ಲಾಭ ಅಂತ ಹೇಳಿದರೆ ಎಚ್ಚರ. ಅದು ಗುತ್ತಿಗೆದಾರರ ತೆರಿಗೆ. ಹಾಗೆ ಬರೆದು ಪಿಂಚಣಿ, ಆರೋಗ್ಯ ವಿಮೆ, ಗ್ರಾಚ್ಯುಟಿ ಮೂರರಿಂದಲೂ ಜಾರಿಕೊಳ್ಳುವ ಮಾಲೀಕರಿದ್ದಾರೆ. ನೌಕರರಾದರೆ ನೀವು ಪಿಂಚಣಿಗೆ ಕಟ್ಟಿದಷ್ಟೇ ಮಾಲೀಕನೂ ಕಟ್ಟಬೇಕು. ಕೆನಡಾ, ಅಮೆರಿಕ, ಆಸ್ಟ್ರೇಲಿಯಾದವರು ದೇಶ ಬಿಡುವಾಗ ಎರಡೂ ಪಾಲನ್ನು ಇಡಿಗಂಟಾಗಿ ವಾಪಸ್ ಪಡೆಯಬಹುದು. ಬ್ರಿಟನ್ನಿನ ನನಗೆ ಆ ಭಾಗ್ಯ ಇರಲಿಲ್ಲ, ನಿಮಗಿದೆ. ಮೂರನೆಯದು, ಅಲ್ಲಿ ಒಟ್ಟು ಎಷ್ಟು ಜನ ಕೆಲಸಕ್ಕಿದ್ದಾರೆ? ಐದಕ್ಕಿಂತ ಕಡಿಮೆ ಇದ್ದರೆ, ಕಾರಣವಿಲ್ಲದೆ ಕೆಲಸದಿಂದ ತೆಗೆಯಬಾರದು ಅನ್ನುವ ಕಾನೂನಿನ ರಕ್ಷಣೆ ಅಲ್ಲಿ ಸಿಗುವುದಿಲ್ಲ. ಚಿಕ್ಕ ಹಾಗ್ವೊನ್ ಪ್ರೀತಿಯಿಂದ ಕೂಡಿದ್ದಿರಬಹುದು, ಆದರೂ ಇದನ್ನು ತಿಳಿದೇ ಸೇರಬೇಕು.

ಸಂಬಳ ಕೇಳಿದ್ದೀರಿ. 24 ಲಕ್ಷ ವಾನ್ ಅಂದರೆ ನಿಮ್ಮ ಲೆಕ್ಕದಲ್ಲಿ ಸುಮಾರು 2,400 ಕೆನಡಾ ಡಾಲರ್. 2011ರಲ್ಲಿ ನನಗೆ 21 ಲಕ್ಷ ಸಿಗುತ್ತಿತ್ತು. ಆಗ ಕೊರಿಯಾದ ಕನಿಷ್ಠ ಕೂಲಿ ಗಂಟೆಗೆ 4,320 ವಾನ್. 2025ರಲ್ಲಿ ಅದು 10,030. ಅಂಗಡಿಯಲ್ಲಿ ಪೂರ್ತಿ ಹೊತ್ತು ನಿಂತು ದುಡಿಯುವವರಿಗೂ ಈಗ ತಿಂಗಳಿಗೆ 21 ಲಕ್ಷದ ಹತ್ತಿರ ಬರುತ್ತದೆ. ಅಂದರೆ ಇಂಗ್ಲಿಷ್ ಟೀಚರ್ ಸಂಬಳ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. 'ಕೊರಿಯಾಕ್ಕೆ ಹೋದರೆ ಗಂಟು ಕಟ್ಟಬಹುದು' ಅನ್ನುವ ಮಾತು ಆ ಕಾಲದ್ದು. ಆದರೂ ಬಾಡಿಗೆ ಇಲ್ಲದ ಮನೆ ದೊಡ್ಡದು. ಮನೆಯಲ್ಲೇ ಅಡುಗೆ ಮಾಡಿಕೊಂಡು, ವಾರಾಂತ್ಯದಲ್ಲಿ ಹಿಡಿತ ಇಟ್ಟುಕೊಂಡರೆ ಸಂಬಳದಲ್ಲಿ ಮೂರನೇ ಒಂದು ಪಾಲಾದರೂ ಉಳಿಸಬಹುದು.

ಮಕ್ಕಳು ಕಡಿಮೆ ಆಗುತ್ತಿರುವುದೂ ನಿಜ. 2023ರಲ್ಲಿ ಅಲ್ಲಿನ ಜನನ ದರ ಒಬ್ಬ ಹೆಣ್ಣಿಗೆ 0.72ಕ್ಕೆ ಇಳಿದಿತ್ತು. ಹಳ್ಳಿಗಳಲ್ಲಿ ಶಾಲೆಗಳು ಮುಚ್ಚುತ್ತಿವೆ, ಹಾಗ್ವೊನ್‌ಗಳೂ. ಆದ್ದರಿಂದ ಕಳೆದ ವರ್ಷ ಎಷ್ಟು ಮಕ್ಕಳಿದ್ದರು, ಈಗ ಎಷ್ಟು ಅಂತ ಕೇಳುವುದು ಅಧಿಕಪ್ರಸಂಗ ಅಲ್ಲ.

ಎರಡನೇ ಬಾಗಿಲು ಸರ್ಕಾರಿ ಶಾಲೆ. ನನ್ನ ಕೊನೆಯ ಐದು ವರ್ಷ ಅಲ್ಲೇ ಕಳೆಯಿತು, ನನ್ನ ಒಲವೂ ಅದರ ಕಡೆಗೇ. ವಾರಕ್ಕೆ 22 ಕ್ಲಾಸ್. ಕೊರಿಯಾದ ಶಿಕ್ಷಕರೊಬ್ಬರು ನಿಮ್ಮ ಜೊತೆ ಕ್ಲಾಸಿನಲ್ಲಿರುತ್ತಾರೆ. ಅನುಭವ ಇಲ್ಲದ ನಿಮಗೆ ಅದೇ ದೊಡ್ಡ ಆಸರೆ. ಶುರುವಿನ ಸಂಬಳ ಹಾಗ್ವೊನ್‌ಗಿಂತ ಸ್ವಲ್ಪ ಕಡಿಮೆ ಇರಬಹುದು. ರಜೆ ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ. ಸಂಜೆ ಐದರೊಳಗೆ ಮನೆ. ಮುಖ್ಯವಾಗಿ, ನಡುವೆ ಮುಚ್ಚಿಹೋಗುವ ಭಯ ಇಲ್ಲ, ಸಂಬಳ ತಪ್ಪುವುದಿಲ್ಲ.

ಕಷ್ಟ ಇಲ್ಲ ಅಂತಲ್ಲ. ನನ್ನ ಶಾಲೆ ದಕ್ಷಿಣದ ಒಂದು ಚಿಕ್ಕ ಪಟ್ಟಣದಲ್ಲಿತ್ತು. ಅಲ್ಲಿ ಹೊರದೇಶದವಳು ಅಂದರೆ ನಾನೊಬ್ಬಳೇ. ಮಕ್ಕಳಿಗೆ ರಜೆ ಬಂದರೂ ಶಿಕ್ಷಕರಿಗೆ ಅಷ್ಟೂ ದಿನ ರಜೆ ಇರುವುದಿಲ್ಲ. ಜನವರಿಯ ಚಳಿಯಲ್ಲಿ ಖಾಲಿ ಶಾಲೆಗೆ ಹೋಗಿ, ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಒಳಗಿನ ಚಪ್ಪಲಿ ಹಾಕಿಕೊಂಡು, ಕೋಟಿನೊಳಗೇ ಕೈ ಇಟ್ಟು ಎಂಟು ಗಂಟೆ ಕುಳಿತಿರಬೇಕು. ಮಾಡಲು ಕೆಲಸ ಇರುವುದಿಲ್ಲ, ಮಾತಾಡಲು ಜನ ಇರುವುದಿಲ್ಲ. ಮೊದಲ ವರ್ಷ ಆ ವಾರಗಳಲ್ಲಿ ಬಹಳ ಅತ್ತಿದ್ದೇನೆ. ಎರಡನೇ ವರ್ಷ ಅದೇ ಕುರ್ಚಿಯಲ್ಲಿ ಕುಳಿತು ಕೊರಿಯನ್ ಕಲಿತೆ.

ಅದು ಕನ್ನಡದವರಿಗೆ ಸುಲಭ, ನಿಜವಾಗಿ ಹೇಳುತ್ತಿದ್ದೇನೆ. ಸೇಜೊಂಗ್ ದೊರೆ 1446ರಲ್ಲಿ ಜನರ ಕೈಗೆ ಕೊಟ್ಟ ಹಂಗುಲ್ ಲಿಪಿಯಲ್ಲಿ ಈಗ ಬಳಕೆಯಲ್ಲಿರುವ ಮೂಲ ಅಕ್ಷರ 24 ಮಾತ್ರ, ಎರಡು ಮೂರು ದಿನಕ್ಕೆ ಓದಲು ಬರುತ್ತದೆ. ವಾಕ್ಯದ ಜೋಡಣೆಯಂತೂ ನಮ್ಮದೇ. 'ನಾನುನ್ ಹಕ್ಯೊಎ ಗಾಯೊ' ಅಂದರೆ 'ನಾನು ಶಾಲೆಗೆ ಹೋಗುತ್ತೇನೆ'. 'ಹಕ್ಯೊ' ಶಾಲೆ, ಅದರ ಬಾಲಕ್ಕೆ ಅಂಟಿದ 'ಎ' ನಮ್ಮ 'ಗೆ', ಕ್ರಿಯಾಪದ ಕೊನೆಗೆ. ಹಿರಿಯರಿಗೆ ಬೇರೆ ಮಾತು, ಕಿರಿಯರಿಗೆ ಬೇರೆ ಮಾತು. ಅಪ್ಪನಿಗೆ 'ಅಪ್ಪಾ' ಅಂತಲೇ ಕರೆಯುತ್ತಾರೆ. ನನ್ನ ಇಂಗ್ಲಿಷ್ ಗೆಳತಿಯರು ವರ್ಷವಿಡೀ ಒದ್ದಾಡಿದ ವಾಕ್ಯರಚನೆ ಶಿವಮೊಗ್ಗದ ಅಜ್ಜಿಯ ಹತ್ತಿರ ಮಾತು ಕಲಿತ ನನಗೆ ತಾನಾಗಿ ಬಂತು. ನಿಮಗೂ ಬರುತ್ತದೆ. ಹೊರಡುವ ಮುಂಚೆಯೇ ಶುರು ಮಾಡಿ.

ನೀವು ಕೇಳದೇ ಇರುವ ಒಂದು ಮಾತನ್ನೂ ಹೇಳಬೇಕು, ಮೈಬಣ್ಣದ್ದು. ಅಲ್ಲಿ ಕೆಲಸದ ಅರ್ಜಿಗೆ ಫೋಟೊ ಕೇಳುವುದು ಮಾಮೂಲು. ಕೆಲಸ ಕೊಡಿಸುವ ಏಜೆಂಟ್ ಒಬ್ಬರು ನನಗೆ ಫೋನಿನಲ್ಲೇ, ಪಾಲಕರು ಬಿಳಿಯ ಟೀಚರ್ ಕೇಳುತ್ತಾರೆ, ನಿಮ್ಮದು ಕಷ್ಟ ಅಂದಿದ್ದರು. ಇಂಥ ತಾರತಮ್ಯವನ್ನೆಲ್ಲ ಒಟ್ಟಾಗಿ ತಡೆಯುವ ಕಾನೂನು ಕೊರಿಯಾದಲ್ಲಿ ಇನ್ನೂ ಬಂದಿಲ್ಲ, ಪ್ರಯತ್ನ ಮಾತ್ರ ಮತ್ತೆ ಮತ್ತೆ ಆಗಿದೆ. ಹತ್ತು ಕಡೆ ಅರ್ಜಿ ಹಾಕಿ ಎಂಟು ಕಡೆ ಮೌನ ಸಿಕ್ಕರೆ ಅದು ನಿಮ್ಮ ಯೋಗ್ಯತೆಯ ಅಳತೆ ಅಲ್ಲ. ಕ್ಲಾಸಿನ ಒಳಗೆ ಮಾತ್ರ ನನಗೆ ಹಾಗೆ ಆಗಲಿಲ್ಲ. ಮೊದಲ ವಾರ ದಿಟ್ಟಿಸಿ ನೋಡುತ್ತಾರೆ, ಏನೇನೋ ಕೇಳುತ್ತಾರೆ. ಎರಡನೇ ತಿಂಗಳಿಗೆ ನೀವು ಅವರ 'ಟೀಚರ್', ಅಷ್ಟೇ.

ಊಟದ ವಿಷಯ. ಶಾಲೆಯ ಮಧ್ಯಾಹ್ನದ ಊಟ ಸ್ಟೀಲ್ ತಟ್ಟೆಯಲ್ಲಿ ಬರುತ್ತದೆ: ಅನ್ನ, ಸಾರಿನಂಥದ್ದು, ಕಿಮ್ಚಿ ಅನ್ನುವ ಹುಳಿ ಬರಿಸಿದ ತರಕಾರಿಯ ಉಪ್ಪಿನಕಾಯಿ, ಎರಡು ಪಲ್ಯ. ಸಾರು ಹೆಚ್ಚಾಗಿ ಒಣಮೀನಿನ ನೀರಿನಲ್ಲಿ ಕುದಿದಿರುತ್ತದೆ. ಕಿಮ್ಚಿಗೆ ಸಾಮಾನ್ಯವಾಗಿ ಮೀನಿನ ರಸವೋ ಉಪ್ಪು ಹಾಕಿದ ಸಿಗಡಿಯೋ ಬಿದ್ದಿರುತ್ತದೆ. ಕಟ್ಟುನಿಟ್ಟಿನ ಸಸ್ಯಾಹಾರಿಯಾದರೆ ಡಬ್ಬಿ ಕಟ್ಟಿಕೊಂಡು ಹೋಗಿ, ಮೊದಲ ದಿನವೇ ವಿನಯದಿಂದ ಹೇಳಿಬಿಡಿ. ಬೇಳೆ, ಮಸಾಲೆ ಸೋಲ್‌ನ ಇಟೇವೊನ್‌ನಲ್ಲಿ ಸಿಗುತ್ತದೆ, ಆನ್‌ಲೈನಿನಲ್ಲೂ ತರಿಸಬಹುದು. ಸಾರಿನ ಪುಡಿ ಮಾತ್ರ ಅಮ್ಮನ ಕೈಯದ್ದೇ ಒಯ್ಯಿರಿ.

ಇದೇ ಪ್ರಶ್ನೆಯನ್ನು ಕರ್ನಾಟಕದಿಂದಲೂ ಕೇಳುತ್ತಿರುತ್ತಾರೆ, ಅವರಿಗೂ ಎರಡು ಮಾತು. ಭಾರತದ ಪಾಸ್‌ಪೋರ್ಟ್ ಇದ್ದರೆ ಹಾಗ್ವೊನ್‌ನ ಇಂಗ್ಲಿಷ್ ಕೆಲಸಕ್ಕೆ ಇ-2 ಸಿಗುವುದಿಲ್ಲ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಒಪ್ಪಂದದಲ್ಲಿ ಶಾಲೆಗಳ ಸಹಾಯಕ ಇಂಗ್ಲಿಷ್ ಶಿಕ್ಷಕರಿಗೆ ಒಂದು ಕಿಂಡಿ ಇಟ್ಟಿದ್ದಾರೆ, ಅದಕ್ಕೂ ಶಿಕ್ಷಕ ತರಬೇತಿಯ ಅರ್ಹತೆ ಬೇಕು. ಕಿಂಡಿ ಬಹಳ ಚಿಕ್ಕದು. 'ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸ ಕೊಡಿಸುತ್ತೇವೆ' ಅಂತ ದುಡ್ಡು ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೊರಿಯಾ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಓದಲು ಹೋಗುವುದು ಅದಕ್ಕಿಂತ ನೇರ ದಾರಿ.

ಮತ್ತೆ ನಿಮಗೆ. ಅಮ್ಮನ ಮಾತಿನಲ್ಲಿ ಅರ್ಧ ಸತ್ಯ ಇದೆ. ಒಂದು ವರ್ಷ ದಂಡ ಆಗುವುದಿಲ್ಲ. ಆದರೆ ಬಾಡಿಗೆ ಇಲ್ಲದ ಮನೆ, ತಿಂಗಳಿಗೆ ಸರಿಯಾಗಿ ಬರುವ ಸಂಬಳ, ವಾರಾಂತ್ಯದ ಗೆಳೆಯರು ಸೇರಿ ಒಂದು ವರ್ಷವನ್ನು ನಾಲ್ಕು ವರ್ಷ ಮಾಡಿಬಿಡುತ್ತವೆ. ಆಮೇಲೆ ಬಯಾಲಜಿ ಕೈಬಿಟ್ಟಿರುತ್ತದೆ, ಅಲ್ವಾ? ಶಾಲಾ ಶಿಕ್ಷಕರಾಗುವ ಯೋಚನೆ ನಿಮಗಿದ್ದರೆ ಈ ವರ್ಷ ಪಕ್ಕಾ ಪ್ರಯೋಜನಕ್ಕೆ ಬರುತ್ತದೆ. ಬೇರೆ ಓದು ಓದುವುದಾದರೆ ಅರ್ಜಿಯ ಕೊನೆಯ ದಿನಾಂಕ ಬರೆದಿಟ್ಟುಕೊಂಡು, ಅದನ್ನು ಅಮ್ಮನ ಕೈಗೆ ಕೊಟ್ಟು ಹೊರಡಿ. ಅವರಿಗೆ ಬೇಕಿರುವುದು ಬಹುಶಃ ಅಷ್ಟೇ.

ನಾನು ನಿಮ್ಮ ಜಾಗದಲ್ಲಿದ್ದರೆ ಈ ಆರು ತಿಂಗಳು ಹೀಗೆ ಕಳೆಯುತ್ತಿದ್ದೆ. ವಾರದ ಕೊನೆಗೆ ಕನ್ನಡ ಕ್ಲಾಸ್. ಶಾಲೆಯ ಕೆಲಸಕ್ಕೆ ಶಿಕ್ಷಣದ ಡಿಗ್ರಿ ಇಲ್ಲದವರಿಗೆ ನೂರು ಗಂಟೆಯ ಇಂಗ್ಲಿಷ್ ಬೋಧನಾ ಸರ್ಟಿಫಿಕೇಟ್ ಬೇಕು, ಅದನ್ನು ಮುಗಿಸುತ್ತಿದ್ದೆ. ಬೆರಳಚ್ಚು ಕೊಟ್ಟು ಪೊಲೀಸ್ ದಾಖಲೆ ತೆಗೆಸುತ್ತಿದ್ದೆ. ಎಪಿಕ್ ವರ್ಷಕ್ಕೆ ಎರಡು ಸಲ ಜನರನ್ನು ಕರೆಸಿಕೊಳ್ಳುತ್ತದೆ, ಫೆಬ್ರವರಿ ಮತ್ತು ಆಗಸ್ಟ್ ಕೊನೆಯ ಸುಮಾರಿಗೆ. ಅರ್ಜಿ ಅದಕ್ಕೆ ಆರು ತಿಂಗಳು ಮೊದಲೇ ಶುರುವಾಗುತ್ತದೆ, ಬೇಗ ಹಾಕಿದವರಿಗೆ ಅನುಕೂಲ ಜಾಸ್ತಿ.

ಶುಕ್ರವಾರದವರೆಗೂ ಸುಮ್ನೆ ಇರಬೇಡಿ, ಆ ಸಂಸ್ಥೆಗೆ ಒಂದು ಪತ್ರ ಕಳಿಸಿ. ವಾರಕ್ಕೆ ಎಷ್ಟು ಕ್ಲಾಸ್, ನೌಕರ ಅಂತ ಬರೆದು ಪಿಂಚಣಿ ಮತ್ತು ವಿಮೆ ಕಟ್ಟುತ್ತೀರಾ, ಕೊಡುವ ಮನೆಯ ಫೋಟೊ ಇದೆಯಾ, ಈಗ ಅಲ್ಲಿರುವ ವಿದೇಶಿ ಟೀಚರ್ ಜೊತೆ ಮಾಲೀಕರು ಎದುರಿಗಿಲ್ಲದಾಗ ಮಾತಾಡಬಹುದಾ ಅಂತ ಕೇಳಿ. ನಾಲ್ಕಕ್ಕೂ ನೇರ ಉತ್ತರ ಬಂದರೆ ಮತ್ತೆ ನನಗೆ ಬರೆಯಿರಿ, ಆ ಕರಾರನ್ನು ಜೊತೆಗೆ ಕುಳಿತು ಓದೋಣ. ಕೊನೆಯ ಪ್ರಶ್ನೆಗೆ 'ಆಗುವುದಿಲ್ಲ' ಅಂದರೆ ಅವರನ್ನು ಬಿಟ್ಟುಬಿಡಿ.